ಆಪ್ತ ಸಲಹೆ: ಸ್ಟುಡಿಯೋದ ಸ್ಟೀಲ್ ಬಾಟಲಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯವಳು. ಬೇರೆ ಊರಿನ ಕಾಲೇಜಿನಲ್ಲಿ ಬಿ.ಆರ್ಕ್. (ವಾಸ್ತುಶಿಲ್ಪ ಪದವಿ) ನಾಲ್ಕನೇ ವರ್ಷದಲ್ಲಿದ್ದೇನೆ. ನಕ್ಷೆ ಬರೆದು ಕಟ್ಟಡದ ಮಾಡೆಲ್ ಮಾಡುವ ನಮ್ಮ ಡಿಸೈನ್ ಸ್ಟುಡಿಯೋ ರಾತ್ರಿಯಿಡೀ ತೆರೆದಿರುತ್ತದೆ. ಎರಡನೇ ವರ್ಷದಲ್ಲಿ ಜ್ಯೂರಿ (ಪರೀಕ್ಷಕರ ಮುಂದೆ ನಮ್ಮ ವಿನ್ಯಾಸವನ್ನು ವಿವರಿಸುವ ಮೌಲ್ಯಮಾಪನ) ಮುಗಿದ ಸಂಜೆಗಳಲ್ಲಿ ಶುರುವಾದ ಕುಡಿತ ಈಗ ಸಬ್ಮಿಷನ್ನಿನ ಹಿಂದಿನ ರಾತ್ರಿಗಳಿಗೂ ಬಂದಿದೆ. ಈಚೆಗೆ ಮೊದಲ ವರ್ಷದವರನ್ನೂ ಕರೆದು ಕೂರಿಸಿಕೊಳ್ಳುತ್ತಾರೆ. ಸಾಗರದ ಕಡೆಯ ನನ್ನ ಗೆಳೆಯ ನಮ್ಮ ತರಗತಿಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಡಿಸೈನ್ ಮಾಡುವವನು. ಅವನು ನೀರಿನ ಸ್ಟೀಲ್ ಬಾಟಲಿಯಲ್ಲಿ ವಿಸ್ಕಿ ಇಟ್ಟುಕೊಂಡು ದಿನವೂ ಕುಡಿಯುತ್ತಾನೆ. ಬೆಳಿಗ್ಗೆ ಸ್ವಲ್ಪ ಕುಡಿಯದಿದ್ದರೆ ಕೈ ನಡುಗುತ್ತದೆ, ಗೆರೆ ನೆಟ್ಟಗೆ ಬರುವುದಿಲ್ಲ ಎನ್ನುತ್ತಾನೆ. ಕಳೆದ ತಿಂಗಳು ರಾತ್ರಿ ಮೂರು ಗಂಟೆಗೆ ಮಾಡೆಲ್ ಮಾಡುವಾಗ ಕಟರ್ ಜಾರಿ ಅವನ ಅಂಗೈ ಸೀಳಿತು, ಏಳು ಹೊಲಿಗೆ ಬಿದ್ದವು. ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದೊಯ್ದವಳು ನಾನು. ವೈದ್ಯರಿಗೂ ಮೇಷ್ಟ್ರಿಗೂ ಸುಳ್ಳು ಹೇಳಿದವಳೂ ನಾನೇ. ಯಾರಿಗೂ ಹೇಳಬಾರದೆಂದು ಅವನು ಮಾತು ತೆಗೆದುಕೊಂಡಿದ್ದಾನೆ. ಹೇಳಿದರೆ ಅವನು ಅಮಾನತಾಗಬಹುದು, ರಾತ್ರಿ ಸ್ಟುಡಿಯೋಗೆ ಬೀಗ ಬೀಳಬಹುದು, ನಮ್ಮ ಮನೆಗೆ ಗೊತ್ತಾದರೆ ನನ್ನ ಓದನ್ನೇ ಬಿಡಿಸಬಹುದು. ಗುಂಪಿನಿಂದ ಹೊರಗುಳಿಯಬಾರದೆಂದು ನಾನೂ ನಾಲ್ಕೈದು ಸಲ ಕುಡಿದಿದ್ದೇನೆ. ಹೀಗಿರುವಾಗ ದೂರು ಹೇಳುವ ಹಕ್ಕು ನನಗಿದೆಯೆ? ಜ್ಯೂರಿಗೆ ಇನ್ನು ಐದು ವಾರವಿದೆ. ನಡುವೆ ಹಬ್ಬಕ್ಕೆ ಇಬ್ಬರೂ ಊರಿಗೆ ಬರುತ್ತೇವೆ.

ಉತ್ತರ: ಸಹೋದರಿ, ಹಕ್ಕಿನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಬಾಯಿ ಕಟ್ಟಿರುವುದು ಅದೇ ಎಂದು ನನಗೆ ಅನ್ನಿಸುತ್ತದೆ. ನಾಲ್ಕೈದು ಸಲ ಅವರೊಡನೆ ಕುಡಿದಿದ್ದೀರಿ ಎಂಬ ಕಾರಣಕ್ಕೆ ನಿಮ್ಮ ಮಾತಿನ ಹಕ್ಕು ಹೋಗುವುದಿಲ್ಲ. ಆ ಬಾಟಲಿಯಲ್ಲಿ ಏನಿದೆ ಎಂಬುದು ಅವನ ತಂದೆತಾಯಿಗಳಿಗೂ ತಿಳಿಯದಿರುವಾಗ ನಿಮಗೆ ತಿಳಿದಿದೆ. ತಿಳಿದವರೇ ಹೇಳದಿದ್ದರೆ ಹೇಳುವವರು ಬೇರೆ ಯಾರೂ ಇಲ್ಲ. ನೀವೂ ಕುಡಿದಿದ್ದನ್ನು ಮರೆಮಾಚದೆ ಹೇಳಿದರೆ ನಿಮ್ಮ ಮಾತಿನ ತೂಕ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಾಕ್ಯ ಬೇರೆ. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ ಎಂದು ಬರೆದಿದ್ದೀರಿ. ನೀವು ಅದನ್ನು ನಿದ್ದೆಗೆಟ್ಟ ದಣಿವೆಂದು ತಿಳಿದಂತಿದೆ. ಅದು ಬರಿಯ ದಣಿವಾಗಿರಲಾರದು. ದಿನವೂ ಮದ್ಯಕ್ಕೆ ಒಗ್ಗಿಹೋದ ನರಮಂಡಲವು ಅದು ಸಿಗದ ಕೆಲವೇ ಗಂಟೆಗಳಲ್ಲಿ ಕೆರಳುತ್ತದೆ. ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಡವಗುಟ್ಟುತ್ತದೆ, ಒಂದು ಗುಟುಕು ಬಿದ್ದೊಡನೆ ಎಲ್ಲವೂ ಅಡಗುತ್ತದೆ. ವೈದ್ಯರು ಇದನ್ನು ಮದ್ಯಕ್ಕೆ ಅಧೀನವಾದ ದೇಹದ ಲಕ್ಷಣವೆಂದು ನೋಡುತ್ತಾರೆ. ಅಂಥವರು ಯಾರದೋ ಒತ್ತಾಯಕ್ಕೆ ಅಥವಾ ದೇವರ ಮುಂದೆ ಆಣೆ ಇಟ್ಟು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನದ ಹೊತ್ತಿಗೆ ಸನ್ನಿಯಂತೆ ಬುದ್ಧಿ ಕಲಕಬಹುದು. ಚಿಕಿತ್ಸೆಯಿಲ್ಲದೆ ಅದು ಜೀವಕ್ಕೂ ಎರವಾಗಬಲ್ಲದು. ಆದ್ದರಿಂದ ದಯವಿಟ್ಟು ಅವನ ಬಾಟಲಿಯನ್ನು ಕಸಿದು ಚೆಲ್ಲಬೇಡಿ, ನಾಳೆಯಿಂದಲೇ ಬಿಟ್ಟುಬಿಡು ಎಂದು ಹಟ ಹಿಡಿಯಬೇಡಿ. ವೈದ್ಯರ ನಿಗಾದಲ್ಲಿ, ನಡುಕವನ್ನು ತಡೆಯುವ ಔಷಧಿ ಮತ್ತು ಥಯಮಿನ್ ಜೀವಸತ್ವದೊಂದಿಗೆ ಬಿಡುವುದು ಕ್ಷೇಮ.

ಪ್ರಮಾಣದ ಬಗ್ಗೆಯೂ ನಿಮ್ಮ ಗುಂಪಿನಲ್ಲಿ ತಪ್ಪು ತಿಳಿವಳಿಕೆಯಿದೆ ಎಂದು ಊಹಿಸುತ್ತೇನೆ. ‘ಬರೀ ಒಂದು ಬಿಯರ್’ ಎನ್ನುವವರು ಕುಡಿಯುತ್ತಿರುವುದು ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಾದರೆ, ಅದರಲ್ಲಿ 30 ಮಿ.ಲೀ.ಯ ನಾಲ್ಕು ಪೆಗ್ ವಿಸ್ಕಿಯಷ್ಟು ಮದ್ಯಸಾರವಿರುತ್ತದೆ. 180 ಮಿ.ಲೀ.ಯ ಒಂದು ಕ್ವಾರ್ಟರ್ ಎಂದರೆ ಅಂಥ ಆರು ಪೆಗ್, ಸುಮಾರು 60 ಗ್ರಾಂ ಮದ್ಯಸಾರ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ ಒಂದು ಪೆಗ್ಗಿನಷ್ಟನ್ನು ಮಾತ್ರ ಕರಗಿಸುತ್ತದೆ, ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಅದರ ವೇಗ ಹೆಚ್ಚುವುದಿಲ್ಲ. ರಾತ್ರಿ ಎರಡು ಗಂಟೆಗೆ ಕ್ವಾರ್ಟರ್ ಮುಗಿಸಿದವನು ಬೆಳಿಗ್ಗೆ ಜ್ಯೂರಿಯ ಮುಂದೆ ನಿಂತಾಗಲೂ ಅವನ ರಕ್ತದಲ್ಲಿ ಮದ್ಯ ಇನ್ನೂ ಉಳಿದಿರಬಹುದು. ನಿಮ್ಮ ಸಹಪಾಠಿಗಳು ಕುಡಿದ ಮೇಲೆ ಗೋಡೆಗೆ ಒರಗಿ ಎರಡು ಗಂಟೆ ‘ನಿದ್ದೆ ತೆಗೆಯುವುದು’ ಕೂಡ ಬಹುಪಾಲು ವ್ಯರ್ಥ. ಮದ್ಯ ಬೇಗ ಮಂಪರು ತರಿಸುತ್ತದೆ, ಆದರೆ ಕಲಿತದ್ದನ್ನು ಮನಸ್ಸಿನಲ್ಲಿ ನಿಲ್ಲಿಸುವ ಕನಸಿನ ನಿದ್ದೆಯನ್ನು ಕತ್ತರಿಸಿ ಹಾಕುತ್ತದೆ.

ಇನ್ನು ಆ ಮೂರು ಗಂಟೆಯ ಕಟರ್ ಬಗ್ಗೆ. ಸುಮಾರು 17 ಗಂಟೆ ಎಚ್ಚರವಿದ್ದ ಮನುಷ್ಯನ ಕೈ ಮತ್ತು ಕಣ್ಣುಗಳ ಹೊಂದಾಣಿಕೆಯು 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯವಿದ್ದವನ ಮಟ್ಟಕ್ಕೆ ಇಳಿದಿರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ನಮ್ಮ ಮೋಟಾರು ವಾಹನ ಕಾಯ್ದೆ ವಾಹನ ಓಡಿಸುವವರಿಗೆ ಹಾಕಿರುವ ಮಿತಿ 30 ಮಿ.ಗ್ರಾಂ. ಅಂದರೆ ಬೆಳಿಗ್ಗೆ ಏಳಕ್ಕೆ ಎದ್ದ ವಿದ್ಯಾರ್ಥಿ ಒಂದು ಹನಿಯನ್ನೂ ಮುಟ್ಟದೆ ನಡುರಾತ್ರಿಯವರೆಗೆ ಮಾಡೆಲ್ಲಿನ ದಪ್ಪ ರಟ್ಟು (ಮೌಂಟ್ ಬೋರ್ಡ್) ಕತ್ತರಿಸುತ್ತಿದ್ದರೂ ಕುಡಿದವನ ಕೈಯಿಂದಲೇ ಕತ್ತರಿಸುತ್ತಿರುತ್ತಾನೆ. ಅದರ ಮೇಲೆ ವಿಸ್ಕಿ ಬಿದ್ದಾಗ ಸ್ಟೀಲ್ ಸ್ಕೇಲಿನ ಅಂಚು ಬಿಟ್ಟು ಬ್ಲೇಡ್ ಅಂಗೈಗೆ ಬಂದಿತು. ಹಾಗಾಗಿ ಸ್ಟುಡಿಯೋದ ಕುಡಿತವನ್ನು ಸ್ಟುಡಿಯೋದ ನಿದ್ದೆಗೇಡಿನಿಂದ ಬೇರ್ಪಡಿಸಿ ನೋಡಲು ನನ್ನಿಂದ ಆಗುವುದಿಲ್ಲ, ಮತ್ತು ಈ ನಿದ್ದೆಗೇಡಿಗೆ ವಿದ್ಯಾರ್ಥಿಗಳಷ್ಟೇ ಹೊಣೆಯೆಂದು ನಾನು ಒಪ್ಪುವುದೂ ಇಲ್ಲ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ನಕ್ಷೆಗಳನ್ನು ಒಯ್ಯಲು ಬಂದ ಕೈಗಾಡಿಯ ಜೊತೆ ಓಡುತ್ತಲೇ ವಿದ್ಯಾರ್ಥಿಗಳು ಕೊನೆಯ ಗೆರೆ ಎಳೆಯುತ್ತಿದ್ದರಂತೆ. ಆ ಗಾಡಿಯ ಹೆಸರಾದ ‘ಶಾರೆಟ್’ ಇಂದಿಗೂ ವಾಸ್ತುಶಿಲ್ಪ ಶಾಲೆಗಳಲ್ಲಿ ಕೊನೆಗಳಿಗೆಯ ದುಡಿಮೆಗೆ ಹೆಸರಾಗಿ ಉಳಿದಿದೆ. ‘ನಮ್ಮ ಕಾಲದಲ್ಲಿ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ’ ಎಂದು ಹೆಮ್ಮೆಯಿಂದ ಹೇಳುವ ಮೇಷ್ಟ್ರು ತಮಗೆ ಅರಿವಿಲ್ಲದೆಯೇ ಆ ಗಾಡಿಯನ್ನು ತಳ್ಳುತ್ತಿರುತ್ತಾರೆ. ಅಮೆರಿಕದಲ್ಲಿ ನಿದ್ದೆಗೆಟ್ಟ ವಾಸ್ತುಶಿಲ್ಪ ವಿದ್ಯಾರ್ಥಿಯೊಬ್ಬ ಕಾರು ಅಪಘಾತದಲ್ಲಿ ಸತ್ತ ಮೇಲೆ ಅಲ್ಲಿನ ವಿದ್ಯಾರ್ಥಿ ಸಂಘವೇ ಮುಂದೆ ಬಂದು, ಸ್ಟುಡಿಯೋದ ನಡವಳಿಕೆಯನ್ನು ತಿದ್ದಬೇಕೆಂದು 2002ರಲ್ಲಿ ವರದಿ ಹೊರತಂದಿತು. ಮುಂದೆ ಅಲ್ಲಿನ ಶಾಲೆಗಳು ಮಾನ್ಯತೆ ಪಡೆಯಲು ಈ ಕುರಿತು ಲಿಖಿತ ನೀತಿಯನ್ನೇ ಇಟ್ಟುಕೊಳ್ಳಬೇಕಾಯಿತು.

ನಿಮ್ಮ ಪತ್ರ ಓದುವಾಗ ನನಗೆ ನಮ್ಮ ಮನೆಯ ಅಡಿಕೆ ಸುಲಿಯುವ ರಾತ್ರಿಗಳು ನೆನಪಾದವು. ಕೊಯ್ದ ಹಸಿ ಅಡಿಕೆ ನಮಗಾಗಿ ಕಾಯುವುದಿಲ್ಲ. ಸುಲಿದು, ಬೇಯಿಸಿ, ಬಣ್ಣಕ್ಕೆ ಚೊಗರು ಕೊಟ್ಟು ಒಣಗಿಸಲೇಬೇಕಾದ್ದರಿಂದ ಜಗಲಿಯಲ್ಲಿ ಮೆಟ್ಟುಗತ್ತಿಗಳನ್ನು ಸಾಲಾಗಿ ಇಟ್ಟುಕೊಂಡು ತಡರಾತ್ರಿಯವರೆಗೆ ಕೂರುತ್ತಿದ್ದರು. ಯಾರಾದರೂ ಕುಡಿದು ಬಂದಿದ್ದರೆ ಅಜ್ಜ ಅವರ ಕೈಗೆ ಕತ್ತಿ ಕೊಡುತ್ತಿರಲಿಲ್ಲ, ಹಾಗೆಂದು ಅಂಗಳದಿಂದ ಅಟ್ಟುತ್ತಲೂ ಇರಲಿಲ್ಲ. ಊಟ ಹಾಕಿಸಿ, ಒಳಜಗಲಿಯಲ್ಲಿ ಕಂಬಳಿ ಹಾಸಿ ಮಲಗಿಸಿ, ಅವರ ಪಾಲಿನ ಕೆಲಸವನ್ನು ಮರುದಿನಕ್ಕೆ ಎತ್ತಿಡುತ್ತಿದ್ದರು. ಅಷ್ಟು ಮಟ್ಟಿಗೆ ಆ ಜಗಲಿಯಲ್ಲಿ ವಿವೇಕವಿತ್ತು. ಆದರೆ ಅದೇ ಜಗಲಿಯಲ್ಲಿ ಕೂರುತ್ತಿದ್ದ ನನ್ನ ಸೋದರಮಾವನ ದಿನನಿತ್ಯದ ಕುಡಿತದ ಬಗ್ಗೆ ಮನೆಯಲ್ಲಿ ಯಾರೂ, ನಾನೂ ಸೇರಿ, ಒಂದು ದಿನವೂ ಬಾಯಿ ತೆರೆಯಲಿಲ್ಲ. ‘ಅವನಿಗೆ ಮೈ ಸರಿಯಿಲ್ಲ’ ಎಂದೇ ಬಂದವರಿಗೆ ಹೇಳುತ್ತಿದ್ದೆವು. 46ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗಲೂ ಕಾಮಾಲೆ ಎಂದೆವು. ನೀವು ವೈದ್ಯರ ಮುಂದೆ ಹೇಳಿದ ಸುಳ್ಳು ನನಗೆ ಅಪರಿಚಿತವಲ್ಲ, ಸಹೋದರಿ. ಅದು ಪ್ರೀತಿಯಿಂದಲೇ ಹುಟ್ಟುತ್ತದೆ ಎಂಬುದನ್ನೂ ನಾನು ಬಲ್ಲೆ.

ಆದ್ದರಿಂದ ಮೊದಲು ಅವನೊಡನೆ ಮಾತನಾಡಿ, ಸ್ಟುಡಿಯೋದಲ್ಲಿ ಬೇಡ, ರಾತ್ರಿ ಬೇಡ. ಹಬ್ಬಕ್ಕೆ ಬರುವಾಗ ನೀವು ಶಿವಮೊಗ್ಗದಲ್ಲಿ ಇಳಿದು ತೀರ್ಥಹಳ್ಳಿಯ ಬಸ್ಸು ಹಿಡಿಯುತ್ತೀರಿ, ಅವನು ಸಾಗರಕ್ಕೆ ಮುಂದುವರಿಯುತ್ತಾನೆ. ಆ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ನಿಮ್ಮ ಸ್ನೇಹ ಬೆಳೆದದ್ದು ಎರಡನೇ ವರ್ಷದಲ್ಲಿ ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ಅಳೆದು ಚಿತ್ರಿಸಿದಾಗ ಎಂದೂ, ಅಲ್ಲಿನ ನಡುಗಂಬಗಳ ಅಂತರವಾದ 18 ಅಡಿ 6 ಅಂಗುಲವೇ ಹಿಂದೆ ತೋಟದ ಭೂಮಿಗೆ ಅಳತೆಗೋಲಾಗಿತ್ತೆಂದು ಅವನೇ ಟೇಪು ಹಿಡಿದು ತೋರಿಸಿದನೆಂದೂ ಪತ್ರದ ಹಿಂಬದಿಯಲ್ಲಿ ಬರೆದಿದ್ದೀರಿ. ಮಾತನ್ನು ಅಲ್ಲಿಂದಲೇ ಆರಂಭಿಸಿ. ಅಂದು ಆ ಕೈ ನಡುಗುತ್ತಿರಲಿಲ್ಲ. ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಿ: ಬಾಟಲಿ, ನಡುಕ, ಹೊಲಿಗೆ, ನೀವು ಹೇಳಿದ ಸುಳ್ಳು. ‘ಕುಡುಕ’ ಎಂಬ ಪದ ಬಳಸಬೇಡಿ. ಅವನು ರೇಗಬಹುದು, ನಗಬಹುದು, ಜ್ಯೂರಿ ಮುಗಿಯಲಿ ಎನ್ನಬಹುದು. ಜ್ಯೂರಿಯವರೆಗೆ ಕಾಯಲು ಒಪ್ಪಬೇಡಿ, ಏಕೆಂದರೆ ಅದರ ಮುಂದೆ ಇನ್ನೊಂದು ಸಬ್ಮಿಷನ್, ಅದರ ಮುಂದೆ ಥೀಸಿಸ್ ಇದ್ದೇ ಇರುತ್ತದೆ.

ಅವನು ಒಪ್ಪಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. ಅಲ್ಲಿಗೆ ಹೋಗಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ತೆರಬೇಕಿಲ್ಲ. ಅವನು ವಯಸ್ಕನಾದ್ದರಿಂದ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವಂತೆ ಕೇಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವನಿಗೆ ಕೊಟ್ಟಿದೆ. ಕಾಲೇಜಿಗೆ ಪತ್ರ ಹೋಗುವ ಭಯ ಬೇಡವೆಂದು ತಿಳಿಸಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳಿಂದ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಒಳ್ಳೆಯದಾಗಿದೆ, ಆದರೆ ಕೈ ನಡುಗುವ ಹಂತ ತಲುಪಿದ ಇವನನ್ನು ಮೊದಲು ವೈದ್ಯರೇ ನೋಡಲಿ. ಈ ನಡುವೆ ಯಾವ ರಾತ್ರಿಯಾದರೂ ಅವನಾಗಲಿ ಬೇರೆಯವರಾಗಲಿ ಕರೆದರೂ ಏಳದಂತೆ ಬಿದ್ದಿದ್ದರೆ, ‘ಮಲಗಿದರೆ ಸರಿಹೋಗುತ್ತದೆ’ ಎಂದು ಬಿಡದೆ, ವಾಂತಿ ಉಸಿರಿಗೆ ಅಡ್ಡ ಬರದಂತೆ ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲೇ ಇದ್ದು 108ಕ್ಕೆ ಕರೆ ಮಾಡಿ.

ಅವನು ಒಪ್ಪದಿದ್ದರೆ, ನೀವು ಕೊಟ್ಟ ಮಾತನ್ನು ಮುರಿಯಬೇಕಾಗುತ್ತದೆ ಎಂದೇ ನನ್ನ ಸಲಹೆ, ಮತ್ತು ಅದನ್ನು ಅವನಿಗೆ ಮೊದಲೇ ಹೇಳಿಬಿಡಿ: ‘ಒಂದು ವಾರದೊಳಗೆ ನೀನು ವೈದ್ಯರನ್ನು ಕಾಣದಿದ್ದರೆ ನಾನು ನಿನ್ನ ಅಣ್ಣನಿಗೆ ಅಥವಾ ಮನೆಯ ಇನ್ನೊಬ್ಬ ಹಿರಿಯರಿಗೆ ತಿಳಿಸುತ್ತೇನೆ.’ ಬೆನ್ನ ಹಿಂದೆ ಹೇಳುವುದು ಚಾಡಿ; ಮುಖಕ್ಕೆ ಹೇಳಿ ಆಮೇಲೆ ಹೇಳುವುದು ಹಾಗಲ್ಲ.

ಮೇಷ್ಟ್ರ ಬಳಿ ಹೋಗುವ ವಿಷಯ ಬೇರೆ, ಅಲ್ಲಿ ಗೆಳೆಯನ ಹೆಸರು ಎತ್ತಬೇಕಿಲ್ಲ. ನಿಮ್ಮಂತೆಯೇ ಯೋಚಿಸುವ ಇಬ್ಬರು ಮೂವರನ್ನು ಜೊತೆಗೆ ಕರೆದುಕೊಂಡು, ನೀವು ನಂಬುವ ಸ್ಟುಡಿಯೋ ಮೇಷ್ಟ್ರನ್ನು ಕಂಡು, ರಾತ್ರಿ ಕುಡಿತ ನಡೆಯುತ್ತಿದೆ, ಬ್ಲೇಡ್‌ಗಳ ನಡುವೆ ನಡೆಯುತ್ತಿದೆ, ಹೊಸ ಹುಡುಗರನ್ನೂ ಎಳೆಯುತ್ತಿದ್ದಾರೆ ಎಂದು ನೇರವಾಗಿ ಹೇಳಿ. ಈ ಕೊನೆಯ ವಿಷಯದಲ್ಲಿ ತಡಮಾಡಬೇಡಿ. ಮೊದಲ ವರ್ಷದವರಲ್ಲಿ 18 ತುಂಬದವರೂ ಇರಬಹುದು. ಅಂಥವರಿಗೆ ಮದ್ಯ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ವಯಸ್ಸು ಎಷ್ಟೇ ಇರಲಿ, ಜೂನಿಯರ್‌ಗಳನ್ನು ಒತ್ತಾಯಿಸಿ ಕುಡಿಸುವುದು ರ್‍ಯಾಗಿಂಗ್; ಅದಕ್ಕೆ 1800-180-5522 ಸಹಾಯವಾಣಿಯಿದೆ.

ಬೀಗದ ಭಯ ನಿಜವಾದದ್ದೇ. ಆಡಳಿತದವರಿಗೆ ಬೀಗವೇ ಸುಲಭದ ಉತ್ತರ, ಅದು ಬಿದ್ದರೆ ಕುಡಿತ ಬಾಡಿಗೆ ಕೋಣೆಗಳಿಗೆ ಹೋಗುತ್ತದೆ, ಕಟರ್ ಕೂಡ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ದೂರಿನೊಂದಿಗೆ ಬೇಡಿಕೆಯನ್ನೂ ಒಯ್ಯಿರಿ. ಶೀಟ್ ಮತ್ತು ಮಾಡೆಲ್‌ಗಳನ್ನೆಲ್ಲ ಜ್ಯೂರಿಯ ಹಿಂದಿನ ದಿನ ಸಂಜೆ ಐದಕ್ಕೆ ಒಪ್ಪಿಸಿಬಿಡುವ ಪದ್ಧತಿ ಬರಲಿ. ಆಗ ಜ್ಯೂರಿಯ ಹಿಂದಿನ ರಾತ್ರಿ ಸ್ಟುಡಿಯೋದಲ್ಲಿ ಮಾಡುವ ಕೆಲಸವೇ ಇರುವುದಿಲ್ಲ, ಎಲ್ಲರೂ ಮಲಗಿ ಎದ್ದು ಬಂದು ಮಾತನಾಡುತ್ತಾರೆ. ಡಿಸೈನ್, ಸ್ಟ್ರಕ್ಚರ್ಸ್, ಕನ್‌ಸ್ಟ್ರಕ್ಷನ್ ಡ್ರಾಯಿಂಗ್ ಮೂರರ ಸಬ್ಮಿಷನ್ನುಗಳೂ ಒಂದೇ ವಾರಕ್ಕೆ ಬಂದು ಬೀಳದಂತೆ ಮೇಷ್ಟ್ರುಗಳು ಸೆಮಿಸ್ಟರಿನ ಆರಂಭದಲ್ಲೇ ಒಟ್ಟಿಗೆ ಕುಳಿತು ದಿನಾಂಕ ಗೊತ್ತುಮಾಡಲಿ. ಹನ್ನೊಂದರ ನಂತರ ಬ್ಲೇಡ್ ಮತ್ತು ಹಾಟ್ ವೈರ್ (ಥರ್ಮೋಕೋಲ್ ಕತ್ತರಿಸುವ ಬಿಸಿ ತಂತಿ) ಕೆಲಸ ಬೇಡ. ಇವುಗಳಲ್ಲಿ ಯಾವುದಕ್ಕೂ ಕಾಲೇಜು ಹಣ ಹಾಕಬೇಕಿಲ್ಲ.

ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಿಮ್ಮ ಬಾಯಿಂದಲೇ ಅವರು ಕೇಳಲಿ. ಹಬ್ಬದ ಗಡಿಬಿಡಿ ಮುಗಿದ ಮರುದಿನ ಅಮ್ಮನೊಡನೆ ಒಬ್ಬರೇ ಕುಳಿತು ಹೇಳಿ. ನೀವು ಕುಡಿದ ನಾಲ್ಕೈದು ಸಲವನ್ನೂ ಬಿಡದೆ ಹೇಳಿ. ಅವರು ಅಳಬಹುದು, ಅಪ್ಪನಿಗೆ ಹೇಳುತ್ತೇನೆ ಎನ್ನಬಹುದು. ನಾಲ್ಕನೇ ವರ್ಷಕ್ಕೆ ಬಂದ ಮಗಳ ಓದನ್ನು ನಿಲ್ಲಿಸಿದರೆ ಐದು ವರ್ಷದ ಪದವಿಯ ಬಹುಪಾಲು ದುಡಿಮೆ ಮಣ್ಣುಪಾಲಾಗುತ್ತದೆ ಎಂಬುದು ಅವರಿಗೂ ತಿಳಿದಿದೆ. ರಾತ್ರಿ ಹತ್ತೂವರೆಗೆ ಹಾಸ್ಟೆಲಿಗೆ ಮರಳುತ್ತೇನೆ, ಉಳಿದ ಕೆಲಸವನ್ನು ಬೆಳಿಗ್ಗೆ ಐದಕ್ಕೆ ಎದ್ದು ಮಾಡುತ್ತೇನೆ, ಇನ್ನು ಮುಂದೆ ಸ್ಟುಡಿಯೋದಲ್ಲಿ ಕುಡಿಯುವುದಿಲ್ಲ ಎಂದು ನೀವು ಮೊದಲೇ ನಿರ್ಧರಿಸಿಕೊಂಡು ಹೋದರೆ, ಅಮ್ಮನ ಕೈಗೆ ಅಪ್ಪನ ಮುಂದೆ ಇಡಲು ಏನಾದರೂ ಇರುತ್ತದೆ. ಹೊಲಿಗೆ ಹಾಕಿದ ವೈದ್ಯರಿಗೆ ನಿಜ ಹೇಳುವುದನ್ನೂ ಮರೆಯಬೇಡಿ. ಗಾಯ ತೋರಿಸಲು ಹೋದಾಗ ಅವನೇ ಹೇಳಿದರೆ ಇನ್ನೂ ಒಳ್ಳೆಯದು, ಏಕೆಂದರೆ ನೋವಿನ ಮಾತ್ರೆಯನ್ನು ಆರಿಸುವಾಗ ರೋಗಿ ಕುಡಿಯುತ್ತಾನೆಯೇ ಎಂಬುದು ವೈದ್ಯರಿಗೆ ತಿಳಿದಿರಲೇಬೇಕು. ಹಬ್ಬ ಮುಗಿಸಿ ಕಾಲೇಜಿಗೆ ಮರಳಿದ ಮೇಲೆ ಅವನು ಏನೆಂದನೆಂದು ನನಗೆ ಎರಡು ಸಾಲು ಬರೆಯಿರಿ.