ಎಲ್ಲರ ಮನೆಗೂ ಎಲ್ಲರೂ ಹೋಗುವಂತಿರಲಿ

ಓದುಗರೊಬ್ಬರ ಪತ್ರ: ನಾವು ಹದಿನಾಲ್ಕು ಕುಟುಂಬಗಳು ಸೇರಿ ಒಂದೇ ಜಾಗದಲ್ಲಿ ಮನೆ ಕಟ್ಟಿಕೊಳ್ಳಲು ಹೊರಟಿದ್ದೇವೆ. ಪ್ರತಿ ಕುಟುಂಬಕ್ಕೂ ಅಡುಗೆಮನೆ ಇರುವ ಪುಟ್ಟ ಮನೆ, ಎಲ್ಲರಿಗೂ ಸೇರಿ ಒಂದು ಕಾಮನ್ ಹೌಸ್. ನಮ್ಮಲ್ಲಿ ಎಂಬತ್ತು ದಾಟಿದವರಿದ್ದಾರೆ, ಎಳೆಮಕ್ಕಳಿದ್ದಾರೆ, ವೀಲ್‌ಚೇರ್ ಬಳಸುವ ಹನ್ನೊಂದು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಪರಿಸರಕ್ಕೆ ಹೊರೆಯಾಗದಂತೆ ಬದುಕಬೇಕು ಅನ್ನೋದು ಎಲ್ಲರ ಆಸೆ. ಎರಡು ಮನೆಗಳನ್ನು ಮಾತ್ರ ‘ಸ್ಪೆಷಲ್’ ಆಗಿ ಮಾಡಿ, ಉಳಿದವನ್ನು ಮಾಮೂಲಿಯಂತೆ ಕಟ್ಟಿದರೆ ಖರ್ಚು ಉಳಿಯುತ್ತದೆ ಎಂದು ಆರ್ಕಿಟೆಕ್ಟ್ ಹೇಳುತ್ತಾರೆ. ಇದು ಸರಿಯೇ? ಕಾರುಗಳನ್ನು ಒಳಗೆ ಬಿಡಬೇಕೋ ಬೇಡವೋ ಎಂಬ ಜಗಳವೂ ಶುರುವಾಗಿದೆ. ಮುಂದೆ ಎಲ್ಲರಿಗೂ ವಯಸ್ಸಾದಾಗ ಯಾರು ಯಾರನ್ನು ನೋಡಿಕೊಳ್ಳುವುದು?

ಸಂಪಾದಕರ ಉತ್ತರ:

ಆರ್ಕಿಟೆಕ್ಟ್ ಮಾತಿನಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳೆಲ್ಲ ಅದಕ್ಕೇ ಬಂದು ಸೇರುತ್ತವೆ. ಎರಡು ಮನೆ ಸ್ಪೆಷಲ್, ಹನ್ನೆರಡು ಮನೆ ಮಾಮೂಲಿ ಎಂಬ ಲೆಕ್ಕವನ್ನು ದಯವಿಟ್ಟು ಒಪ್ಪಬೇಡಿ.

ಆ ಹುಡುಗಿಯನ್ನೇ ನೆನೆಸಿಕೊಳ್ಳಿ. ಅವಳ ಮನೆಯೊಳಗೆ ಎಲ್ಲವೂ ಅನುಕೂಲವಾಗಿದೆ. ಮೂರನೇ ಮನೆಯಲ್ಲಿ ಗೆಳತಿಯ ಹುಟ್ಟುಹಬ್ಬ. ಬಾಗಿಲಿಗೆ ಮೂರು ಮೆಟ್ಟಿಲು. ಇಬ್ಬರು ದೊಡ್ಡವರು ಬಂದು ಕುರ್ಚಿ ಸಮೇತ ಎತ್ತಿ ಒಳಗಿಡುತ್ತಾರೆ. ಅರ್ಧ ಗಂಟೆಯಲ್ಲಿ ಟಾಯ್ಲೆಟ್‌ಗೆ ಹೋಗಬೇಕೆನಿಸುತ್ತದೆ. ಅಲ್ಲಿನ ಬಾಗಿಲಲ್ಲಿ ವೀಲ್‌ಚೇರ್ ಹಿಡಿಸುವುದಿಲ್ಲ. ಮತ್ತೆ ಎತ್ತಬೇಕು, ಮನೆಗೆ ಕರೆದುಕೊಂಡು ಹೋಗಬೇಕು. ಎರಡು ಸಲ ಹೀಗಾದರೆ ಮೂರನೇ ಸಲ ಅವಳು ‘ನಾನು ಬರಲ್ಲ’ ಅನ್ನುತ್ತಾಳೆ. ಒಬ್ಬರ ಮನೆಗೊಬ್ಬರು ಸುಮ್ನೆ ಹೋಗಿ ಬರೋಣ ಅಂತಲೇ ಅಲ್ವಾ ನೀವೆಲ್ಲ ಒಂದೇ ಜಾಗದಲ್ಲಿ ಮನೆ ಕಟ್ಟುತ್ತಿರುವುದು?

ಅಮೆರಿಕದ ಅಟ್ಲಾಂಟಾದಲ್ಲಿ ಎಲೀನರ್ ಸ್ಮಿತ್ 1980ರ ದಶಕದಲ್ಲೇ ಈ ವಿಷಯ ಹಿಡಿದು ಹೋರಾಟ ಶುರು ಮಾಡಿದರು. ಪೋಲಿಯೊದಿಂದಾಗಿ ಅವರೂ ವೀಲ್‌ಚೇರ್ ಬಳಸುತ್ತಿದ್ದವರೇ. ಅವರು ಕೇಳಿದ್ದು ಮೂರೇ. ಮೆಟ್ಟಿಲಿಲ್ಲದ ಒಂದು ಬಾಗಿಲು, ವೀಲ್‌ಚೇರ್ ದಾಟುವಷ್ಟು ಅಗಲದ ಒಳಬಾಗಿಲುಗಳು, ನೆಲಮಹಡಿಯಲ್ಲಿ ಒಂದು ಟಾಯ್ಲೆಟ್. ಅಂಗವಿಕಲರು ಇರುವ ಮನೆಗಳಿಗೆ ಮಾತ್ರ ಅಲ್ಲ, ಹೊಸದಾಗಿ ಕಟ್ಟುವ ಪ್ರತಿ ಮನೆಗೂ. ನಿಮ್ಮ ಹದಿನಾಲ್ಕೂ ಮನೆಗಳಿಗೆ ನಾನು ಕೇಳುವುದೂ ಇಷ್ಟೇ.

ಖರ್ಚಿನ ವಿಷಯಕ್ಕೆ ಬನ್ನಿ. ಮನೆಯ ನೆಲ ಹೊರಗಿನ ದಾರಿಗಿಂತ 45 ಸೆಂ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. ರ‍್ಯಾಂಪ್‌ಗೆ ಸಾಮಾನ್ಯವಾಗಿ ಒಪ್ಪುವ ಗರಿಷ್ಠ ಇಳಿಜಾರು 1:12 (ಒಂದು ಪಾಲು ಏರಲು ಹನ್ನೆರಡು ಪಾಲು ಉದ್ದ). ಅಂದರೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಕೈಬಲ ಕಡಿಮೆ ಇರುವವರಿಗೆ ಅದೂ ಕಷ್ಟವೇ. 1:20 ಮಾಡಿದರೆ ಸಲೀಸು, ಆದರೆ 9 ಮೀಟರ್ ಬೇಕು. ಹದಿನಾಲ್ಕು ಮನೆಗಳ ಮುಂದೆ ಹೀಗೆ ರ‍್ಯಾಂಪ್ ಹಾಕುತ್ತಾ ಹೋದರೆ ಜಾಗವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ನಿಮ್ಮ ಆರ್ಕಿಟೆಕ್ಟ್ ಬಹುಶಃ ಇದನ್ನೇ ಲೆಕ್ಕ ಹಾಕಿದ್ದಾರೆ.

ಆದರೆ ಪಾಯ ತೋಡುವ ಮೊದಲು, ಜಾಗ ಮಟ್ಟ ಮಾಡುವಾಗಲೇ, ದಾರಿಯನ್ನೇ ನಿಧಾನವಾಗಿ ಏರಿಸಿಕೊಂಡು ಬಾಗಿಲ ಮಟ್ಟಕ್ಕೆ ತಂದುಬಿಟ್ಟರೆ ರ‍್ಯಾಂಪೇ ಬೇಡ. ಮಣ್ಣು ಹೇಗೂ ಅತ್ತಿತ್ತ ಸಾಗಿಸುತ್ತೀರಿ, ಅದನ್ನು ಈ ಲೆಕ್ಕ ಇಟ್ಟುಕೊಂಡು ಸಾಗಿಸಬೇಕು ಅಷ್ಟೇ. ಹೊಸ್ತಿಲು ತಗ್ಗಿದರೆ ಮಳೆನೀರು ಒಳಗೆ ಬರುತ್ತದೆ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಬಾಗಿಲ ಮೇಲೆ ಒಳ್ಳೆಯ ಚಾಚು ಇರಲಿ, ಬಾಗಿಲ ಮುಂದೆ ಜಾಲರಿ ಮುಚ್ಚಿದ ಸಣ್ಣ ಚರಂಡಿ ಇರಲಿ, ನೆಲ ಮನೆಯಿಂದ ಆಚೆಗೆ ತುಸು ವಾಲಿರಲಿ. ನೀರು ಬರುವುದಿಲ್ಲ.

ಬಾಗಿಲ ಚೌಕಟ್ಟಿನದೂ ಇದೇ ಕಥೆ. ಮಾಡಿಸುವಾಗಲೇ 90 ಸೆಂ.ಮೀ. ಎಂದು ಹೇಳಿದರೆ ಅಂಥ ದೊಡ್ಡ ವ್ಯತ್ಯಾಸವಿಲ್ಲ. ಮುಂದೆ ಗೋಡೆ ಒಡೆಸಿ ಅಗಲ ಮಾಡಿಸಿದರೆ ಧೂಳು, ಗಲಾಟೆ, ಖರ್ಚು ಎಲ್ಲವೂ ಜಾಸ್ತಿ. ಬಾತ್‌ರೂಮ್‌ನಲ್ಲಿ ವೀಲ್‌ಚೇರ್ ತಿರುಗಲು 1.5 ಮೀಟರ್ ಅಗಲದ ಖಾಲಿ ಜಾಗ ಬೇಕು. ಸ್ನಾನದ ಜಾಗಕ್ಕೆ ಕಟ್ಟೆ ಬೇಡ, ನೆಲ ಇಳಿಜಾರಾಗಿದ್ದರೆ ಸಾಕು. ಗೋಡೆಯಲ್ಲಿ ಹಿಡಿಕೆಗಳನ್ನು ಈಗಲೇ ಎಲ್ಲರೂ ಹಾಕಿಸಬೇಕಿಲ್ಲ. ಆದರೆ ಗೋಡೆ ಹಗುರ ಹಲಗೆಯದಾಗಿದ್ದರೆ ಕಮೋಡ್ ಪಕ್ಕ ಮತ್ತು ಶವರ್ ಕೆಳಗೆ, ಟೈಲ್ಸ್ ಹಾಕುವ ಮೊದಲೇ ಒಳಗಡೆ ಗಟ್ಟಿ ಮರದ ಪಟ್ಟಿ ಕೂರಿಸಿ. ಅಳತೆ ಟೇಪ್ ಹಿಡಿದು ಅದರ ಫೋಟೋ ತೆಗೆದಿಡಿ. ಹತ್ತು ವರ್ಷ ಬಿಟ್ಟು ಹಿಡಿಕೆ ಬೇಕಾದಾಗ ಎಲ್ಲಿ ಡ್ರಿಲ್ ಮಾಡಬೇಕು ಅನ್ನೋದು ಗೊತ್ತಿರುತ್ತದೆ.

ಹತ್ತು ವರ್ಷ ಅಂದರೆ ದೂರದ ಮಾತಲ್ಲ. ಇಂಥ ಯೋಜನೆಗಳು ನಿಧಾನ. ಡೆನ್ಮಾರ್ಕ್‌ನಲ್ಲಿ ಯಾನ್ ಗುಡ್ಮಂಡ್-ಹಾಯರ್ ಎಂಬ ಆರ್ಕಿಟೆಕ್ಟ್ ಗೆಳೆಯರ ಜೊತೆ ಈ ಮಾತು ಶುರು ಮಾಡಿದ್ದು 1964ರಲ್ಲಿ. ಅಲ್ಲಿನ ಮೊದಲ ಕೋಹೌಸಿಂಗ್ (ನಿಮ್ಮ ಹಾಗೆ ಬೇರೆ ಬೇರೆ ಮನೆ, ಜೊತೆಗೆ ಎಲ್ಲರಿಗೂ ಸೇರಿದ ಕಾಮನ್ ಹೌಸ್) ಬಡಾವಣೆ ಸೆಟ್ಟೆಡಾಮೆನ್ ಸಿದ್ಧವಾದದ್ದು 1972ರಲ್ಲಿ. ಲಂಡನ್ನಿನ ನ್ಯೂ ಗ್ರೌಂಡ್ ಎಂಬಲ್ಲಿ ಐವತ್ತು ದಾಟಿದ ಹೆಂಗಸರೇ ಸೇರಿ 25 ಫ್ಲಾಟ್‌ಗಳ ಸಮುದಾಯ ಕಟ್ಟಿಕೊಂಡರು. ಗುಂಪು ಶುರುವಾದದ್ದು 1998ರಲ್ಲಿ, ಮನೆಗೆ ಬಂದದ್ದು 2016ರಲ್ಲಿ. ನಿಮಗೆ ಇಷ್ಟು ವರ್ಷ ಹಿಡಿಯಬೇಕೆಂದಿಲ್ಲ. ಆದರೂ ಮೊದಲ ಮೀಟಿಂಗ್‌ಗೆ ನಡೆದುಕೊಂಡು ಬಂದವರು ಗೃಹಪ್ರವೇಶದ ಹೊತ್ತಿಗೆ ಊರುಗೋಲು ಹಿಡಿದಿರಬಹುದು. ಸ್ಪೆಷಲ್ ಮನೆ ಬೇಕಾಗುವ ಆ ಎರಡು ಕುಟುಂಬ ಯಾವುದು ಎಂದು ಈಗಲೇ ಹೇಳಲು ಯಾರಿಂದಲೂ ಆಗುವುದಿಲ್ಲ.

ಇನ್ನು ಕಾರಿನ ಜಗಳ. ಇಲ್ಲಿ ಇಬ್ಬರ ಮಾತಲ್ಲೂ ನ್ಯಾಯವಿದೆ. ಕಾರುಗಳನ್ನು ಅಂಚಿನಲ್ಲೇ ನಿಲ್ಲಿಸಿ, ನಡುವೆ ನಡೆಯುವ ದಾರಿ ಬಿಡುವುದು ಕೋಹೌಸಿಂಗ್‌ನ ಹಳೆಯ ಪದ್ಧತಿ. ಮಕ್ಕಳು ಭಯವಿಲ್ಲದೆ ಆಡುತ್ತಾರೆ. ಮಣ್ಣಿನ ಮೇಲೆ ಟಾರು, ಕಾಂಕ್ರೀಟು ಕಡಿಮೆಯಾಗುತ್ತದೆ. ನಡೆದು ಬರುವಾಗ ನಾಲ್ಕು ಜನ ಸಿಗುತ್ತಾರೆ, ಮಾತು ಬೆಳೆಯುತ್ತದೆ. ಆದರೆ ಮಂಡಿ ನೋವಿರುವವರಿಗೆ ನೂರು ಮೀಟರ್ ಅಂದರೆ ದೊಡ್ಡ ದೂರ. ದಾರಿಯನ್ನು ಆಂಬ್ಯುಲೆನ್ಸ್ ಬರುವಷ್ಟು ಅಗಲ ಮಾಡಿ. ದಿನಾ ಯಾವ ವಾಹನವೂ ಬೇಡ. ನಡೆಯಲಾಗದವರನ್ನು ಬಾಗಿಲಿಗೆ ಬಿಟ್ಟು ಹೋಗಲು ಮಾತ್ರ ಎಂದಿಗೂ ಅಡ್ಡಿ ಇರಬಾರದು. ಅಂಥವರು ಪ್ರತಿ ಸಲ ಯಾರದೋ ಅನುಮತಿ ಕೇಳುವಂತೆ ಮಾತ್ರ ಮಾಡಬೇಡಿ. ನಿಯಮದಲ್ಲೇ ಬರೆದಿಡಿ. ಅಲ್ಲಲ್ಲಿ ಬೆನ್ನೊರಗುವ ಬೆಂಚುಗಳಿರಲಿ. ಎದ್ದೇಳಲು ಊರಿಕೊಳ್ಳುವಂತೆ ಅವಕ್ಕೆ ಕೈ ಇರಲಿ.

ದಾರಿಗೆ ಜಲ್ಲಿ ಹಾಕೋಣ, ನೀರು ಇಂಗುತ್ತದೆ ಎಂದು ನಿಮ್ಮಲ್ಲಿ ಯಾರಾದರೂ ಹೇಳಿರಬಹುದು. ಬೇಡ. ಸಡಿಲ ಜಲ್ಲಿಯಲ್ಲಿ ವೀಲ್‌ಚೇರ್‌ನ ಮುಂದಿನ ಸಣ್ಣ ಚಕ್ರ ಹೂತುಹೋಗುತ್ತದೆ, ಊರುಗೋಲು ಜಾರುತ್ತದೆ, ಮಗುವಿನ ತಳ್ಳುಗಾಡಿ ಮುಂದೆ ಹೋಗುವುದಿಲ್ಲ. ನೀರು ಇಳಿಯುವಂಥ ಕಾಂಕ್ರೀಟ್, ಸಂದು ಕಿರಿದಾಗಿರುವ ಪೇವರ್‌ಗಳು ಸಿಗುತ್ತವೆ. ಇಲ್ಲವೇ ದಾರಿಯನ್ನು ಗಟ್ಟಿಯಾಗಿಯೇ ಮಾಡಿ, ಹರಿದ ನೀರನ್ನು ಪಕ್ಕದ ಗಿಡಗಳ ಪಾತಿಗೆ ಬಿಡಿ. ಹಸಿರಿನ ಹೆಸರಲ್ಲಿ ಒಬ್ಬರನ್ನು ಮನೆಯೊಳಗೆ ಕೂರಿಸುವ ದಾರಿ ಯಾರಿಗೂ ಬೇಡ.

ಮನೆ ಚಿಕ್ಕದಾದಷ್ಟೂ ಸಾಮಾನು ಕಡಿಮೆ, ವಿದ್ಯುತ್ತೂ ಕಡಿಮೆ. ಇದು ನಿಜ. ಆದರೆ ಅಳತೆ ಕಡಿಮೆ ಮಾಡುವಾಗ ಕತ್ತರಿ ಮೊದಲು ಬೀಳುವುದು ಬಾತ್‌ರೂಮ್ ಮೇಲೆ. ಅದನ್ನು ಮುಟ್ಟಬೇಡಿ. ಹದಿನಾಲ್ಕು ಮನೆಗಳಲ್ಲಿ ಹದಿನಾಲ್ಕು ಗೆಸ್ಟ್ ರೂಮ್, ಹದಿನಾಲ್ಕು ವಾಷಿಂಗ್ ಮಷೀನ್, ಹದಿನಾಲ್ಕು ಏಣಿ ಯಾಕೆ? ಕಾಮನ್ ಹೌಸ್‌ನಲ್ಲಿ ಎರಡು ಗೆಸ್ಟ್ ರೂಮ್, ಒಂದು ಬಟ್ಟೆ ಒಗೆಯುವ ಕೋಣೆ, ಒಂದು ಉಪಕರಣದ ಕೋಣೆ ಇದ್ದರೆ ಸಾಕು. ಪ್ರತಿ ಮನೆಯಲ್ಲೂ ಉಳಿಯುವ ಜಾಗದಿಂದಲೇ ಬಾತ್‌ರೂಮ್ ಅಗಲವಾಗುತ್ತದೆ. ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದರೆ ಇನ್ನೂ ಒಳ್ಳೆಯದು, ಬಿಸಿಲು-ಚಳಿಗೆ ಒಡ್ಡಿಕೊಳ್ಳುವ ಗೋಡೆ ಕಡಿಮೆಯಾಗುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 2013ರಲ್ಲಿ ಮುಗಿದ ಲೈಲಾಕ್ ಎಂಬ ಬಡಾವಣೆಯಲ್ಲಿ 20 ಮನೆಗಳ ಗೋಡೆಗೆ ಮರ ಮತ್ತು ಹುಲ್ಲಿನ ಕಟ್ಟುಗಳನ್ನೇ ಬಳಸಿದ್ದಾರೆ. ಅಲ್ಲಿ ಮನೆಯವರು ಮನೆಗೆಂದು ಕೊಡಬೇಕಾದ ಹಣವನ್ನು ತಮ್ಮ ಆದಾಯದ ಇಂತಿಷ್ಟು ಭಾಗ ಎಂದು ಕಟ್ಟುತ್ತಾರೆ. ನಿಮ್ಮಲ್ಲಿ ಆದಾಯದ ಅಂತರ ದೊಡ್ಡದಿದ್ದರೆ ಆ ಕ್ರಮವನ್ನು ತಿಳಿದುಕೊಳ್ಳಿ. ಒಡೆತನದ ಕಾನೂನು ಜಾಗದಿಂದ ಜಾಗಕ್ಕೆ ಬೇರೆ. ಜಾಗಕ್ಕೆ ಮುಂಗಡ ಕೊಡುವ ಮೊದಲೇ ವಕೀಲರನ್ನು ಕಾಣಿ.

ಕಾಮನ್ ಹೌಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅಡುಗೆ ಕಟ್ಟೆಯ ಒಂದು ಭಾಗ 86 ಸೆಂ.ಮೀ. ಮೀರದಿರಲಿ, ಕೆಳಗೆ ಕಾಲು ಹೋಗುವಂತೆ ಖಾಲಿ ಇರಲಿ. ಆಗ ಕೂತವರೂ ತರಕಾರಿ ಹೆಚ್ಚಬಹುದು. ಇದು ಹೆಚ್ಚಿನವರಿಗೆ ಹೊಳೆಯುತ್ತದೆ. ಹೊಳೆಯದೇ ಹೋಗುವುದು ಸದ್ದು. ಬೋಳು ಗೋಡೆ, ಟೈಲ್ಸ್ ನೆಲ, ಎತ್ತರದ ತಾರಸಿ, ಮೂವತ್ತು ಜನರ ಮಾತು, ತಟ್ಟೆ-ಲೋಟದ ಸಪ್ಪಳ. ಕಿವಿಯ ಯಂತ್ರ ಹಾಕಿದವರಿಗೆ ಇದರಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಅವರು ನಾಲ್ಕು ದಿನ ನಗುತ್ತಾ ಕೂತು, ಐದನೇ ದಿನ ಊಟ ಮನೆಗೇ ತರಿಸಿಕೊಳ್ಳುತ್ತಾರೆ. ಸದ್ದು ಹೀರುವ ಚಾವಣಿಯನ್ನು ಬಜೆಟ್‌ನಿಂದ ಯಾರೂ ತೆಗೆಯದಂತೆ ನೋಡಿಕೊಳ್ಳಿ. ಜೊತೆಗೆ ಒಂದು ಚಿಕ್ಕ, ಶಾಂತವಾದ ಊಟದ ಕೋಣೆಯೂ ಇರಲಿ. ಗದ್ದಲ ತಡೆಯಲಾಗದ ಮಕ್ಕಳಿಗೂ ಅದು ಬೇಕಾಗುತ್ತದೆ.

ಮನೆಗಳ ಅಳತೆ ಒಂದೇ ಥರ ಇರುವುದು ಬೇಡ. ಎಲ್ಲವೂ ಮೂರು ಬೆಡ್‌ರೂಮ್ ಆದರೆ ಚಿಕ್ಕ ಮಕ್ಕಳಿರುವವರೇ ಜಾಸ್ತಿ ಬರುತ್ತಾರೆ. ಇಪ್ಪತ್ತು ವರ್ಷದಲ್ಲಿ ಆ ಮಕ್ಕಳೆಲ್ಲ ಒಟ್ಟಿಗೇ ಹೊರಡುತ್ತಾರೆ, ಉಳಿದವರಿಗೆಲ್ಲ ಒಟ್ಟಿಗೇ ವಯಸ್ಸಾಗುತ್ತದೆ. ಒಂದು ಬೆಡ್‌ರೂಮಿನ ಮನೆಗಳೂ ಇದ್ದರೆ ಹಿರಿಯರು ಅಲ್ಲೇ ಸಣ್ಣ ಮನೆಗೆ ಹೋಗಬಹುದು, ದೊಡ್ಡ ಮನೆಗೆ ಹೊಸ ಕುಟುಂಬ ಬರಬಹುದು.

ಕೊನೆಯ ಪ್ರಶ್ನೆ, ಯಾರು ಯಾರನ್ನು ನೋಡಿಕೊಳ್ಳುವುದು? ಇದನ್ನು ಪ್ರೀತಿಗೆ ಬಿಟ್ಟುಬಿಡಬೇಡಿ, ಈಗಲೇ ಕೂತು ಮಾತಾಡಿ. ಜ್ವರ ಬಂದಾಗ ಊಟ ತಂದುಕೊಡುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಬೆಳಗ್ಗೆ ಕಿಟಕಿ ತೆರೆಯದಿದ್ದರೆ ಬಾಗಿಲು ತಟ್ಟುವುದು, ಇಷ್ಟನ್ನು ನೆರೆಯವರು ಸಂತೋಷದಿಂದ ಮಾಡುತ್ತಾರೆ. ದಿನಾ ಸ್ನಾನ ಮಾಡಿಸುವುದು, ರಾತ್ರಿ ಎದ್ದು ಮಗ್ಗುಲು ಬದಲಿಸುವುದು ನೆರೆಯವರ ಕೆಲಸವಲ್ಲ. ಅದನ್ನು ಅವರ ಮೇಲೆ ಹಾಕಿದರೆ ಗೆಳೆತನವೇ ದಣಿಯುತ್ತದೆ. ಅದಕ್ಕೆ ಸಂಬಳ ಕೊಟ್ಟು ಜನ ಇಟ್ಟುಕೊಳ್ಳಬೇಕು. ಒಬ್ಬೊಬ್ಬರೇ ಇಟ್ಟುಕೊಳ್ಳುವುದು ದುಬಾರಿ, ಮೂರ್ನಾಲ್ಕು ಮನೆ ಸೇರಿದರೆ ನಿಭಾಯಿಸಬಹುದು. ಎರಡು ಗೆಸ್ಟ್ ರೂಮ್‌ಗಳಲ್ಲಿ ಒಂದಕ್ಕೆ ಬೇರೆ ಬಾಗಿಲು ಮತ್ತು ಬಾತ್‌ರೂಮ್ ಕೊಡಿಸಿ. ಮುಂದೆ ನೋಡಿಕೊಳ್ಳುವವರು ಅಲ್ಲೇ ಉಳಿಯಬಹುದು. ಈ ಮಾತುಕತೆಯನ್ನು ಹಿರಿಯರು ಎಚ್ಚರವಾಗಿರುವ ಹೊತ್ತಿನಲ್ಲಿ, ಮಧ್ಯಾಹ್ನವೇ ಇಟ್ಟುಕೊಳ್ಳಿ. ಆ ಹನ್ನೊಂದು ವರ್ಷದ ಹುಡುಗಿಯನ್ನೂ ಕರೆಯಿರಿ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಯಾವ ಮನೆಗೆ ಹೇಗೆ ಹೋಗುತ್ತೀಯ ಎಂದು ಅವಳನ್ನೇ ಬೆರಳಿಟ್ಟು ತೋರಿಸಲು ಹೇಳಿ. ಅವಳ ಬೆರಳು ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲಿ ಆರ್ಕಿಟೆಕ್ಟ್ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಲಿ.