ಅಮೆರಿಕದ ಹಳೆಯ ಚಿತ್ರಕಾರ್ಡುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಸಂಗ್ರಹದಲ್ಲಿ 1905ರ ಅಂಚೆ ಮೊಹರಿರುವ ನಯಾಗರಾ ಜಲಪಾತದ ಕಾರ್ಡೊಂದಿದೆ. ಅಷ್ಟು ಚೆಂದದ ಚಿತ್ರದ ಮೇಲೆಯೇ ಯಾರೋ ಶಾಯಿಯಲ್ಲಿ ಒಕ್ಕಣೆ ಬರೆದು ಕೆಡಿಸಿದ್ದಾರೆ. ಹಿಂಬದಿಯಲ್ಲಿ ಬೇಕಾದಷ್ಟು ಜಾಗವಿದ್ದರೂ ಹೀಗೇಕೆ ಮಾಡಿದರು?

ಉತ್ತರ: ಬರೆದವರ ಮೇಲೆ ಬೇಸರಿಸಬೇಡಿ. ಅಂದಿನ ಅಂಚೆ ನಿಯಮದ ಪ್ರಕಾರ ಹಿಂಬದಿಯು ವಿಳಾಸಕ್ಕೆ ಮಾತ್ರ ಮೀಸಲಾಗಿತ್ತು. ಹೇಳಬೇಕಾದ ಮಾತನ್ನು ಚಿತ್ರದ ಅಂಚಿನಲ್ಲಿಯೋ ಆಕಾಶದ ಭಾಗದಲ್ಲಿಯೋ ತುರುಕಬೇಕಿತ್ತು. ಅಮೆರಿಕದ ಅಂಚೆ ಇಲಾಖೆಯು 1873ರಲ್ಲಿ ಒಂದು ಸೆಂಟಿನ ಸರ್ಕಾರಿ ಕಾರ್ಡನ್ನು ಹೊರತಂದಿತು. ಖಾಸಗಿಯವರು ಮುದ್ರಿಸಿದ ಕಾರ್ಡುಗಳಿಗೂ ಅದೇ ದರ ಸಿಕ್ಕಿದ್ದು 1898ರ ಮೇ 19ರ ಕಾಯ್ದೆಯಿಂದ. ಹಿಂಬದಿಯನ್ನು ನಡುವೆ ಗೆರೆ ಎಳೆದು ಇಬ್ಭಾಗ ಮಾಡಿ, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಬರೆಯಲು ಅನುಮತಿ ದೊರೆತಿದ್ದು 1907ರ ಮಾರ್ಚ್ 1ರಂದು. ಆದ್ದರಿಂದ ನೀವು ಗೀಚು ಎನ್ನುತ್ತಿರುವ ಆ ಬರವಣಿಗೆಯೇ ಕಾರ್ಡಿನ ವಯಸ್ಸಿಗೆ ಸಾಕ್ಷಿ.

ಆ ಗೆರೆ ಬಂದ ಮೇಲೆ ಅಮೆರಿಕದಲ್ಲಿ ಕಾರ್ಡುಗಳ ಹುಚ್ಚೇ ಹಿಡಿಯಿತು. 1908ರ ಜೂನ್‌ಗೆ ಕೊನೆಗೊಂಡ ಒಂದೇ ವರ್ಷದಲ್ಲಿ 67 ಕೋಟಿಗೂ ಹೆಚ್ಚು ಕಾರ್ಡುಗಳು ಅಂಚೆಯಲ್ಲಿ ಸಾಗಿದವು; ದೇಶದ ಜನಸಂಖ್ಯೆ ಆಗ 9 ಕೋಟಿಯನ್ನೂ ಮುಟ್ಟಿರಲಿಲ್ಲ. ಅವುಗಳಲ್ಲಿ ಅತ್ಯುತ್ತಮವಾದವು ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು. 1909ರ ಆಮದು ಸುಂಕ, ಅದರ ಹಿಂದೆಯೇ 1914ರ ಮಹಾಯುದ್ಧ ಆ ದಾರಿಯನ್ನು ಮುಚ್ಚಿದವು. ಅನಂತರದ ಅಮೆರಿಕನ್ ಮುದ್ರಣದ ಸುತ್ತ ಬಿಳಿ ಅಂಚು ಕಾಣಿಸಿಕೊಂಡಿತು, ಬಣ್ಣವೂ ಸಪ್ಪೆಯಾಯಿತು.

ಪ್ರಶ್ನೆ: ಬಟ್ಟೆಯಂತೆ ಒರಟಾದ ಮೇಲ್ಮೈಯ ಒಂದು ಕಾರ್ಡಿನಲ್ಲಿ ಊರಿನ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದು, ಪ್ರತಿ ಅಕ್ಷರದೊಳಗೂ ಒಂದೊಂದು ದೃಶ್ಯವನ್ನು ಕೂರಿಸಿದ್ದಾರೆ. ಅಂಚೆಗೆ ಹಾಕಿಲ್ಲವಾದ್ದರಿಂದ ಮೊಹರಿಲ್ಲ. ಕಾಲವನ್ನು ತಿಳಿಯುವುದು ಹೇಗೆ?

ಉತ್ತರ: ಇವನ್ನು ಸಂಗ್ರಾಹಕರು ಲಿನನ್ ಕಾರ್ಡುಗಳೆನ್ನುತ್ತಾರೆ. 1930ರ ದಶಕದ ಆರಂಭದಿಂದ 1950ರ ದಶಕದವರೆಗೆ ಇವು ಅಚ್ಚಾದವು. ಹೆಸರಿನಲ್ಲಿ ಲಿನನ್ ಇದ್ದರೂ ಇದು ಬಟ್ಟೆಯಲ್ಲ, ನೇಯ್ಗೆಯ ಉಬ್ಬು ಒತ್ತಿದ ಕಾಗದ. ಅದರ ಮೇಲೆ ಶಾಯಿ ಬೇಗ ಒಣಗುತ್ತಿದ್ದುದರಿಂದ ಗಾಢ ಬಣ್ಣಗಳನ್ನು ಅಗ್ಗವಾಗಿ ಮುದ್ರಿಸಬಹುದಾಗಿತ್ತು. ಇವುಗಳ ಅತಿ ದೊಡ್ಡ ಮುದ್ರಕರು ಶಿಕಾಗೋದ ಕರ್ಟ್ ಟೈಕ್ ಸಂಸ್ಥೆಯವರು. ನಿಮ್ಮ ಕಾರ್ಡೂ ಅವರದೇ ಆಗಿದ್ದರೆ ಅದರ ಮೇಲೆ ಒಂದು ಸಂಖ್ಯೆಯನ್ನು ಹುಡುಕಿ. ‘7ಎ-ಎಚ್’ ಎಂದು ಮೊದಲಾದರೆ ಅದು 1937ರದು: ‘ಎ’ 1930ರ ದಶಕವನ್ನೂ ‘ಬಿ’ 1940ರ ದಶಕವನ್ನೂ ‘ಸಿ’ 1950ರ ದಶಕವನ್ನೂ ಸೂಚಿಸಿದರೆ, ಮುಂದಿರುವ ಅಂಕಿ ಆ ದಶಕದ ವರ್ಷವನ್ನು ಹೇಳುತ್ತದೆ. ಆ ಸಂಸ್ಥೆಯ ದಾಖಲೆಗಳೆಲ್ಲ ಈಗ ಶಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿವೆ.

ಪ್ರಶ್ನೆ: ಒಂದು ಸಣ್ಣ ಪಟ್ಟಣದ ಮೇನ್ ಸ್ಟ್ರೀಟಿನ ಕಾರ್ಡನ್ನು ಅದೇ ಬೀದಿಯ ಹಳೆಯ ಫೋಟೋದೊಂದಿಗೆ ಇಟ್ಟು ನೋಡಿದೆ. ಫೋಟೋದಲ್ಲಿ ತಂತಿಗಳು, ಕಂಬಗಳು, ಕೆಸರು ಇವೆ; ಕಾರ್ಡಿನಲ್ಲಿ ಅವಾವುವೂ ಇಲ್ಲ. ಹಾಗಾದರೆ ಈ ಕಾರ್ಡುಗಳನ್ನು ಇತಿಹಾಸದ ಆಧಾರವೆಂದು ನಂಬಬಹುದೆ?

ಉತ್ತರ: ನಂಬಬಹುದು, ಆದರೆ ಯಾವುದಕ್ಕೆ ಆಧಾರ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕಾರ್ಡು ತಯಾರಾಗುತ್ತಿದ್ದ ಬಗೆಯನ್ನು ನೋಡಿ: ಊರೂರು ಸುತ್ತುವ ಮಾರಾಟಗಾರನೋ ಸ್ಥಳೀಯ ಛಾಯಾಗ್ರಾಹಕನೋ ತೆಗೆದ ಕಪ್ಪು-ಬಿಳುಪು ಫೋಟೋ ಮುದ್ರಣಾಲಯಕ್ಕೆ ಹೋಗುತ್ತಿತ್ತು, ಜೊತೆಗೆ ಯಾವ ಗೋಡೆ ಕೆಂಪು, ಯಾವ ಚಾವಣಿ ಹಸಿರು ಎಂಬ ಟಿಪ್ಪಣಿ ಇರುತ್ತಿತ್ತು, ಆ ಊರನ್ನು ಕಣ್ಣಾರೆ ಕಂಡಿರದ ಕಲಾವಿದರು ಅದನ್ನು ನೋಡಿಕೊಂಡು ಬಣ್ಣ ತುಂಬುತ್ತಿದ್ದರು, ಗಿರಾಕಿ ಬೇಡವೆಂದ ಕಂಬವನ್ನು ಅಳಿಸುತ್ತಿದ್ದರು, ಬೇಕೆಂದ ಮೋಡವನ್ನು ಸೇರಿಸುತ್ತಿದ್ದರು. ಹಗಲಿನಲ್ಲಿ ತೆಗೆದ ಚಿತ್ರಕ್ಕೆ ಕಡುನೀಲಿ ಬಳಿದು, ಕಿಟಕಿಗಳಿಗೆ ಹಳದಿ ಹಚ್ಚಿ, ಮೋಡದ ನಡುವೆ ಒಂದು ಚಂದ್ರನನ್ನು ಇಟ್ಟರೆ ಅದೇ ರಾತ್ರಿಯ ದೃಶ್ಯವಾಗುತ್ತಿತ್ತು. ಅಂಥದೊಂದು ಕಾರ್ಡನ್ನು ಭೂತಗನ್ನಡಿಯಲ್ಲಿ ನೋಡಿದಾಗ, ಚಂದ್ರನು ಎಡಗಡೆಯಲ್ಲಿದ್ದರೂ ದೀಪದ ಕಂಬದ ನೆರಳು ಎಡಕ್ಕೇ ಬಿದ್ದಿರುವುದು ನನಗೆ ಕಂಡಿತು. ಕಲಾವಿದನು ಸೂರ್ಯನನ್ನು ಮರೆಮಾಡಿದ್ದ, ಅವನ ನೆರಳನ್ನು ಅಳಿಸಲು ಮರೆತಿದ್ದ.

ಹೀಗಿರುವುದರಿಂದ ಬೀದಿಯಲ್ಲಿ ಕೆಸರಿತ್ತೇ ಎಂದು ಕಾರ್ಡನ್ನು ಕೇಳಬಾರದು. ಆ ಊರಿನವರು ಯಾವುದನ್ನು ಹೆಮ್ಮೆಯೆಂದು ತಿಳಿದಿದ್ದರು ಎಂದು ಕೇಳಬೇಕು. ನ್ಯಾಯಾಲಯದ ಕಟ್ಟಡ, ರೈಲು ನಿಲ್ದಾಣ, ಬ್ಯಾಂಕು, ಹೈಸ್ಕೂಲು, ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ದಾನದಿಂದ ಕಟ್ಟಿದ ಗ್ರಂಥಾಲಯ: ಇವು ಒಂದಾದ ಮೇಲೊಂದು ಊರಿನ ಕಾರ್ಡುಗಳಲ್ಲಿ ಮರುಕಳಿಸುತ್ತವೆ. ಕಪ್ಪು ಜನರು ವಾಸಿಸುತ್ತಿದ್ದ ಕೇರಿಗಳಾದರೋ ಅಪರೂಪ. ಅವರು ಕಾಣಿಸಿಕೊಂಡಲ್ಲಿಯೂ ಬಹಳಷ್ಟು ಸಲ ಹೀಯಾಳಿಸುವ ವ್ಯಂಗ್ಯಚಿತ್ರಗಳಾಗಿಯೇ ಬಂದಿದ್ದಾರೆ. ಯಾರನ್ನು ಬಿಟ್ಟಿದ್ದಾರೆ ಎಂಬುದನ್ನೂ ಸಂಗ್ರಾಹಕರು ಗುರುತು ಹಾಕಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಛಾಯಾಗ್ರಾಹಕ ವಾಕರ್ ಇವಾನ್ಸ್ ಇಂಥ ಬೀದಿ ದೃಶ್ಯಗಳನ್ನು ಬಾಲ್ಯದಿಂದಲೇ ಕೂಡಿಡುತ್ತ ಬಂದರು. ಅವರ ಸುಮಾರು 9,000 ಕಾರ್ಡುಗಳು ಇಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿವೆ.

ಪ್ರಶ್ನೆ: ಕುದುರೆ ಗಾಡಿಯ ತುಂಬ ಒಂದೇ ಮೆಕ್ಕೆಜೋಳದ ತೆನೆ! ಇದು ಫೋಟೋವೇ? ಹಾಗಿದ್ದರೆ ಹೇಗೆ ತೆಗೆದರು?

ಉತ್ತರ: ಫೋಟೋವೇ, ಆದರೆ ಒಂದಲ್ಲ, ಎರಡು. ತೆನೆಯನ್ನು ಹತ್ತಿರದಿಂದ ಒಮ್ಮೆ, ಗಾಡಿಯನ್ನು ದೂರದಿಂದ ಒಮ್ಮೆ ಚಿತ್ರಿಸಿ, ತೆನೆಯನ್ನು ಕತ್ತರಿಯಿಂದ ಬಿಡಿಸಿ ಗಾಡಿಯ ಮೇಲೆ ಅಂಟಿಸಿ, ಅದನ್ನು ಮತ್ತೆ ಫೋಟೋ ತೆಗೆಯುತ್ತಿದ್ದರು. ಕ್ಯಾನ್ಸಸ್ ರಾಜ್ಯದ ಒಟ್ಟಾವಾ ಪಟ್ಟಣದ ವಿಲಿಯಂ ಮಾರ್ಟಿನ್ 1908ರ ಸುಮಾರಿನಲ್ಲಿ ಇದರಲ್ಲಿ ಎತ್ತಿದ ಕೈ. ಈ ಉತ್ಪ್ರೇಕ್ಷೆಯ ಕಾರ್ಡುಗಳಿಗೆ ಮಧ್ಯ ಪಶ್ಚಿಮದ ಬಯಲು ಸೀಮೆಯಲ್ಲಿ ದೊಡ್ಡ ಬೇಡಿಕೆಯಿತ್ತು. ಸಮೃದ್ಧಿಯ ಮಾತನ್ನು ನಂಬಿ ಬಂದು ನೆಲೆಸಿ, ಬರವನ್ನೂ ಮಿಡತೆಯನ್ನೂ ಕಂಡಿದ್ದ ಜನರ ನಾಡು ಅದು. ಆದ್ದರಿಂದ ಈ ನಗುವಿನಲ್ಲಿ ಸ್ವಲ್ಪ ಹಂಬಲವೂ ಬೆರೆತಿದೆಯೆಂದು ನನಗನ್ನಿಸುತ್ತದೆ.

ಫೋಟೋ ಕಾಗದದ ಮೇಲೆಯೇ ಮುದ್ರಿಸಿದ ಇಂಥ ಕಾರ್ಡುಗಳ ಹಿಂದೆ, ಸ್ಟಾಂಪ್ ಅಂಟಿಸುವ ಚೌಕದ ಸುತ್ತ ‘ಎಜೋ’ (AZO) ಎಂಬ ಫೋಟೋ ಕಾಗದದ ಹೆಸರಿದ್ದರೆ ಮೂಲೆಗಳ ಪುಟ್ಟ ತ್ರಿಕೋನಗಳನ್ನು ಗಮನಿಸಿ. ನಾಲ್ಕೂ ಮೇಲ್ಮುಖವಾಗಿದ್ದರೆ ಕಾಗದವು ಸುಮಾರು 1904ರಿಂದ 1918ರ ನಡುವಿನದು.

ಪ್ರಶ್ನೆ: ಕೊಂಡುಕೊಂಡ ಕಾರ್ಡುಗಳ ಕಟ್ಟಿನಲ್ಲಿ ಕಪ್ಪು ವ್ಯಕ್ತಿಯೊಬ್ಬನನ್ನು ಜನರ ಗುಂಪು ಕೊಂದ ದೃಶ್ಯದ ಕಾರ್ಡೊಂದು ಸಿಕ್ಕಿತು. ನೋಡಿ ನಿದ್ದೆ ಬರಲಿಲ್ಲ. ಸುಟ್ಟುಬಿಡಲೆ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ದಯವಿಟ್ಟು ಸುಡಬೇಡಿ, ಮಾರಲೂ ಬೇಡಿ. ಇಂಥ ಕಾರ್ಡುಗಳನ್ನು ಜನರು ನೆನಪಿನ ವಸ್ತುವೆಂಬಂತೆ ಕೊಂಡು, ಬಂಧುಗಳಿಗೆ ಕುಶಲದ ಮಾತು ಬರೆದು ಕಳುಹಿಸುತ್ತಿದ್ದರು. 1908ರಲ್ಲಿ ಕೊಲೆಗೆ ಪ್ರಚೋದಿಸುವ ವಸ್ತುಗಳನ್ನು ಅಂಚೆಯಿಂದ ನಿಷೇಧಿಸಿದ ಮೇಲೂ ಇವುಗಳ ತಯಾರಿಕೆ ನಿಲ್ಲಲಿಲ್ಲ. 1916ರಲ್ಲಿ ಟೆಕ್ಸಸ್‌ನ ವೇಕೋ ಪಟ್ಟಣದಲ್ಲಿ ಜೆಸ್ಸಿ ವಾಷಿಂಗ್ಟನ್ ಎಂಬ ಹದಿಹರೆಯದ ಯುವಕನನ್ನು ಸಾವಿರಾರು ಜನರ ಎದುರಿನಲ್ಲಿ ಸುಟ್ಟಾಗಲೂ ಚಿತ್ರ ತೆಗೆದು ಕಾರ್ಡು ಮಾಡಿದರು. ಆ ಚಿತ್ರಗಳನ್ನೇ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯು ತನ್ನ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ ಪ್ರಕಟಿಸಿ ದೇಶದ ಮುಂದಿಟ್ಟಿತು. ಸಂಭ್ರಮಕ್ಕೆಂದು ಮಾಡಿದ ಚಿತ್ರವು ಅಪರಾಧಕ್ಕೆ ಸಾಕ್ಷಿಯಾದದ್ದು ಹೀಗೆ. ನಿಮ್ಮ ಕಾರ್ಡಿನ ಹಿಂಬದಿಯಲ್ಲಿ ಊರು, ದಿನಾಂಕ ಅಥವಾ ಛಾಯಾಗ್ರಾಹಕನ ಮುದ್ರೆ ಇದ್ದರೆ ಅದು ಇನ್ನೂ ಮುಖ್ಯ. ಆಫ್ರಿಕನ್ ಅಮೆರಿಕನ್ನರ ಇತಿಹಾಸವನ್ನು ಕಾಪಾಡುವ ಯಾವುದಾದರೂ ವಸ್ತುಸಂಗ್ರಹಾಲಯಕ್ಕೆ ಬರೆದು, ಅವರು ಸ್ವೀಕರಿಸುವುದಾದರೆ ಒಪ್ಪಿಸಿಬಿಡಿ.

ಪ್ರಶ್ನೆ: ಹಳೆಯ ಕಾರ್ಡುಗಳನ್ನು ಕೆಡದಂತೆ ಇಡುವುದು ಹೇಗೆ? ಸ್ಟಾಂಪುಗಳನ್ನು ಬಿಡಿಸಿ ಬೇರೆ ಆಲ್ಬಮ್ಮಿಗೆ ಹಾಕಬಹುದೆ?

ಉತ್ತರ: ಅಗ್ಗದ ಪಿವಿಸಿ ಹಾಳೆಗಳು ಬೇಡ, ಪಾಲಿಯೆಸ್ಟರ್ ಲಕೋಟೆಗಳೋ ಆಮ್ಲರಹಿತ ಕಾಗದದ ಪೆಟ್ಟಿಗೆಯೋ ಒಳ್ಳೆಯದು. ಬಿಸಿಲು, ತೇವ, ಅಂಟುಪಟ್ಟಿ ಮೂರನ್ನೂ ದೂರವಿಡಿ. ಸ್ಟಾಂಪನ್ನು ಮಾತ್ರ ಬಿಡಿಸಲೇಬೇಡಿ. ಹಸಿರು ಬಣ್ಣದ ಆ ಒಂದು ಸೆಂಟಿನ ಸ್ಟಾಂಪಿಗೆ ಸಾಮಾನ್ಯವಾಗಿ ಬೆಲೆಯೇ ಇರುವುದಿಲ್ಲ. ಅದನ್ನು ಕಿತ್ತರೆ ಮೊಹರಿನ ಅರ್ಧವೂ ಅದರೊಂದಿಗೆ ಹೋಗಿ, ಕಾರ್ಡು ಯಾವ ಊರಿನಿಂದ ಯಾವ ದಿನ ಹೊರಟಿತೆಂಬುದನ್ನು ಹೇಳಲು ಏನೂ ಉಳಿಯುವುದಿಲ್ಲ.