ಕಿಡ್ನಿ ಕಸಿಯ ನಂತರ ಸಂಜೆ ಮಾತ್ರ ಶುಗರ್ ಏರುವುದು ಯಾಕೆ?

ಮೊದಲು ಶುಗರ್ ಇಲ್ಲದಿದ್ದ ತಂದೆಯವರಿಗೆ ಕಸಿಯಾಗಿ ಎರಡು ತಿಂಗಳಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 98, ಸಂಜೆ 240 ಬರುತ್ತಿದೆ ಅಂದಿದ್ದೀರಿ. ಇದು ಹೆಚ್ಚಾಗಿ ಕಸಿಯ ನಂತರ ಕೊಡುವ ಸ್ಟಿರಾಯ್ಡ್ ಮಾತ್ರೆ ಪ್ರೆಡ್ನಿಸೋಲೋನ್‌ನ ಗುರುತು: ಬೆಳಗ್ಗೆ ನುಂಗಿದ ಮಾತ್ರೆ ಮಧ್ಯಾಹ್ನದ ಮೇಲೆ ಸಕ್ಕರೆ ಏರಿಸುತ್ತದೆ, ರಾತ್ರಿ ಕಳೆಯುವಾಗ ಇಳಿದಿರುತ್ತದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಬೇರೆ ಇನ್ಸುಲಿನ್ ಸ್ರಾವವನ್ನೇ ಕುಗ್ಗಿಸುತ್ತದೆ. ಹಾಗಾಗಿ ಬೆಳಗಿನ ಪರೀಕ್ಷೆಯೊಂದನ್ನೇ ನಂಬಬೇಡಿ. ಮಧ್ಯಾಹ್ನ ಊಟವಾಗಿ 2 ಗಂಟೆ ಕಳೆದ ಮೇಲೆ, ಮತ್ತೆ ರಾತ್ರಿ ಊಟಕ್ಕೆ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ, ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಕಸಿಯಾದ ಮೊದಲ ತಿಂಗಳುಗಳಲ್ಲಿ, ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಕೂಡ ದಾರಿ ತಪ್ಪಿಸಬಹುದು.

ಕುಚ್ಚಲಕ್ಕಿಗೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಮಂಗಳೂರಿನ ಕಡೆ ಗಟ್ಟಿ. ಎರಡು ಬಟ್ಟಲು ಗಂಜಿ ಉಂಡರೆ ಖಂಡಿತ ಏರುತ್ತದೆ. ಚಕ್ಕೋತ ಬೇಡ, ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿಸಬಲ್ಲದು. ಶುಗರ್ ಹೆದರಿಕೆಗೆ ಕಸಿಗೆ ಕೊಟ್ಟ ಈ ಎರಡು ಮಾತ್ರೆಗಳನ್ನು ಮಾತ್ರ ದಯವಿಟ್ಟು ನೀವಾಗಿ ಕಡಿಮೆ ಮಾಡಬೇಡಿ, ಕಿಡ್ನಿಯೇ ಕೈತಪ್ಪೀತು.